ಕಬ್ಬಿಣದ ಕಾರ್ಖಾನೆ ಮತ್ತು ಕಾಲ್ಚೆಂಡಿನ ಕೂಟ: ಥೇಮ್ಸ್ ಐರನ್‌ವರ್ಕ್ಸ್ ತಂಡದ ಚರಿತ್ರೆ, ಭದ್ರಾವತಿಯಿಂದ ಕಂಡಂತೆ

೧

ಭದ್ರಾವತಿಯ ನ್ಯೂ ಟೌನ್ ಎಂಬ ಹೆಸರಿನಲ್ಲಿಯೇ ಒಂದು ಚರಿತ್ರೆ ಅಡಗಿದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನುಳ್ಳ ಬೆಂಕಿಪುರವು ಹಳೆಯ ಊರು. ಕಬ್ಬಿಣದ ಕಾರ್ಖಾನೆಯ ಆಶ್ರಯದಲ್ಲಿ ಎದ್ದ ವಸತಿಯು ಹೊಸ ಊರು. ೧೯೨೩ರ ಜನವರಿಯಲ್ಲಿ ಇಲ್ಲಿಯ ಕುಲುಮೆ ಕೆಲಸಮಾಡತೊಡಗಿದ ಮೇಲೆ, ನಾನಾ ಜಾತಿ, ನಾನಾ ಸೀಮೆಗಳಿಂದ ಬಂದ ಜನ ಒಂದೇ ಕೂಗುಗೊಳವಿಯ ಸದ್ದಿಗೆ ಎದ್ದು ಒಂದೇ ಬಾಗಿಲಿನೊಳಗೆ ನಡೆಯತೊಡಗಿದರು. ಇಂತಹ ಊರಿಗೆ ಪೂರ್ವಿಕರ ಜಾತ್ರೆಯಿಲ್ಲ, ಕುಲದ ಕಟ್ಟೆಯಿಲ್ಲ. ಆದುದರಿಂದ ಕೆಲಸ ಮುಗಿದ ಬಳಿಕ ಜನರು ಕಲೆಯುವುದಕ್ಕೆ ಹೊಸದಾದ ಒಂದು ನೆಲೆ ಬೇಕಾಗುತ್ತದೆ. ಕೈಗಾರಿಕೆಯ ಯುಗದಲ್ಲಿ ಈ ನೆಲೆಯನ್ನು ಬಹುಮಟ್ಟಿಗೆ ಒದಗಿಸಿದುದು ಆಟದ ಬಯಲು.

ಕಾರ್ಖಾನೆಯ ಆಟದ ತಂಡವು ಯಾರದು? ಬಯಲನ್ನೂ ಹಣವನ್ನೂ ಕೊಟ್ಟ ಒಡೆಯನದೆ? ದಣಿದ ಮೈಯಿಂದ ಆಡಿದ ಕಾರ್ಮಿಕನದೆ? ಬೇಲಿಯ ಹೊರಗೆ ನಿಂತು ಕೂಗಿದ ಊರಿನದೆ? ಕಾರ್ಖಾನೆ ಕ್ಷೇಮವಾಗಿರುವವರೆಗೆ ಈ ಪ್ರಶ್ನೆ ಏಳುವುದಿಲ್ಲ; ಕುಲುಮೆ ತಣ್ಣಗಾಗುವ ಕಾಲ ಬಂದಾಗ ಅದೇ ಮುಖ್ಯ ಪ್ರಶ್ನೆಯಾಗುತ್ತದೆ. ಇದಕ್ಕೆ ಉತ್ತರವನ್ನು ಹುಡುಕಲು ಲಂಡನ್ನಿನ ಒಂದು ಕಬ್ಬಿಣದ ಕಾರ್ಖಾನೆಯ ಹವ್ಯಾಸಿ ಕಾಲ್ಚೆಂಡು ಕೂಟದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕೂಟ ಕಾರ್ಖಾನೆಯ ಹೆಸರಿನಲ್ಲಿ ಬದುಕಿದ್ದು ಕೇವಲ ಐದು ವರ್ಷ. ಅದು ಬಿಟ್ಟುಹೋದ ಸಂತತಿಯಾದರೋ ಇಂದಿಗೂ ಇದೆ.

೨

ಇಂಗ್ಲೆಂಡಿನ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಎರಡು ಧಾರೆಗಳನ್ನು ಗುರುತಿಸಬಹುದು. ಮೊದಲನೆಯದು ಸಿರಿವಂತರ ವಸತಿಶಾಲೆಗಳದು ಮತ್ತು ವಿಶ್ವವಿದ್ಯಾನಿಲಯಗಳದು. ಆಟದ ನಿಯಮಗಳನ್ನು ೧೮೬೩ರಲ್ಲಿ ಕ್ರೋಡೀಕರಿಸಿದ ಸಂಘ ಹುಟ್ಟಿದುದು ಈ ವರ್ಗದವರಿಂದ. ಎರಡನೆಯದು ಕಾರ್ಖಾನೆ, ರೈಲ್ವೆ, ಚರ್ಚುಗಳ ಸುತ್ತ ಬೆಳೆದ ದುಡಿಯುವ ಜನರದು. ಶನಿವಾರ ಮಧ್ಯಾಹ್ನ ಬಿಡುವು ದೊರೆಯತೊಡಗಿದ ಮೇಲೆ ಈ ಧಾರೆಯು ಪ್ರಬಲವಾಯಿತು. ೧೮೭೮ರಲ್ಲಿ ನ್ಯೂಟನ್ ಹೀತಿನ ರೈಲ್ವೆ ಕೆಲಸಗಾರರು ಕಟ್ಟಿದ ತಂಡವೇ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಎನಿಸಿತು. ೧೮೮೬ರಲ್ಲಿ ವುಲಿಚ್ಚಿನ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕೂಡಿ ಕಟ್ಟಿದ ತಂಡವೇ ಇಂದಿನ ಆರ್ಸೆನಲ್.

ಈ ಎರಡು ವರ್ಗಗಳಿಗೂ ಆಟದ ವಿಷಯದಲ್ಲಿ ಒಂದು ಮೂಲಭೂತವಾದ ಭಿನ್ನಾಭಿಪ್ರಾಯವಿತ್ತು. ಹಣಕ್ಕಾಗಿ ಆಡುವುದು ಹೀನವೆಂಬುದು ಸಿರಿವಂತರ ಮತ. ಅರ್ಧ ದಿನದ ಕೂಲಿ ಕಳೆದುಕೊಂಡು ಆಡಬೇಕಾದವನಿಗೆ ಈ ಆದರ್ಶ ದುಬಾರಿಯಾದುದು. ಕೊನೆಗೆ ೧೮೮೫ರಲ್ಲಿ ಸಂಬಳದ ಆಟಕ್ಕೆ ಅಧಿಕೃತ ಮನ್ನಣೆ ದೊರೆಯಿತು. ಹವ್ಯಾಸಿಗಳಿಗೆ ಪ್ರತ್ಯೇಕವಾದ ಬಟ್ಟಲೊಂದನ್ನು ೧೮೯೩ರಲ್ಲಿ ಏರ್ಪಡಿಸಲಾಯಿತು. ಹವ್ಯಾಸಿ, ವೃತ್ತಿಗಾರ ಎಂಬ ಈ ವಿಂಗಡಣೆಯು ಇಂಗ್ಲೆಂಡಿನಲ್ಲಿ ಅಧಿಕೃತವಾಗಿ ಅಳಿದುದು ೧೯೭೪ರಲ್ಲಿ. ನಮ್ಮ ಚರಿತ್ರೆಯ ಕಥಾನಾಯಕನು ಈ ಎರಡು ಧಾರೆಗಳ ಸಂಗಮದಲ್ಲಿ ನಿಂತವನು. ಅವನ ಕಷ್ಟಕ್ಕೂ ಅದೇ ಕಾರಣ.

೩

ಥೇಮ್ಸ್ ಐರನ್‌ವರ್ಕ್ಸ್ ಎಂಬುದು ಲಂಡನ್ನಿನ ಪೂರ್ವಭಾಗದಲ್ಲಿ, ಥೇಮ್ಸ್ ನದಿಗೆ ಬೋ ತೊರೆ ಕೂಡುವ ಮುಖದಲ್ಲಿದ್ದ ಕಬ್ಬಿಣದ ಮತ್ತು ಹಡಗು ಕಟ್ಟುವ ಕಾರ್ಖಾನೆ. ಬ್ರಿಟನ್ನಿನ ಮೊತ್ತಮೊದಲ ಕಬ್ಬಿಣದೊಡಲಿನ ಕವಚನೌಕೆಯಾದ ‘ವಾರಿಯರ್’ ೧೮೬೦ರಲ್ಲಿ ನೀರಿಗಿಳಿದುದು ಇಲ್ಲಿಂದಲೇ. ೧೮೮೦ರಲ್ಲಿ ಇದರ ಆಡಳಿತ ಮಂಡಲಿಯನ್ನು ಸೇರಿದ ಆರ್ನಲ್ಡ್ ಹಿಲ್ಸ್ (೧೮೫೭–೧೯೨೭) ಹ್ಯಾರೋ ಶಾಲೆಯಲ್ಲೂ ಆಕ್ಸ್‌ಫರ್ಡಿನಲ್ಲೂ ಕಲಿತವನು; ೧೮೭೭ರ ಇಂಗ್ಲಿಷ್ ಬಟ್ಟಲಿನ ಅಂತಿಮ ಪಂದ್ಯದಲ್ಲಿ ಆಕ್ಸ್‌ಫರ್ಡಿನ ಪರವಾಗಿ ಆಡಿದವನು; ೧೮೭೯ರಲ್ಲಿ ಸ್ಕಾಟ್ಲೆಂಡಿನೆದುರು ಇಂಗ್ಲೆಂಡಿಗಾಗಿ ಆಡಿದವನು. ಮದ್ಯವನ್ನು ದ್ವೇಷಿಸುತ್ತಿದ್ದ ಈತ ಕಟ್ಟಾ ಸಸ್ಯಾಹಾರಿ.

ಕನ್ನಡ ವಾಚಕರಿಗೆ ಈ ಹೆಸರು ಸಂಪೂರ್ಣ ಅಪರಿಚಿತವಾದುದಲ್ಲ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಲಂಡನ್ನಿನ ಸಸ್ಯಾಹಾರಿ ಸಂಘದ ಅಧ್ಯಕ್ಷನೆಂದೂ ಥೇಮ್ಸ್ ಐರನ್‌ವರ್ಕ್ಸಿನ ಒಡೆಯನೆಂದೂ ಸ್ಮರಿಸಿರುವ ಹಿಲ್ಸ್ ಈತನೇ. ಆಗ ವಿದ್ಯಾರ್ಥಿಯಾಗಿದ್ದ ಗಾಂಧೀಜಿ ಆ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದರು. ಸಂತಾನ ನಿಯಂತ್ರಣವನ್ನು ಪ್ರತಿಪಾದಿಸುತ್ತಿದ್ದ ಡಾಕ್ಟರ್ ಆಲಿನ್ಸನ್ನರನ್ನು ಸಂಘದಿಂದ ಹೊರಹಾಕಬೇಕೆಂದು ಹಿಲ್ಸ್ ಸೂಚಿಸಿದಾಗ, ಸಸ್ಯಾಹಾರಕ್ಕೂ ಆ ಅಭಿಪ್ರಾಯಕ್ಕೂ ಸಂಬಂಧವಿಲ್ಲವೆಂದು ಗಾಂಧೀಜಿ ಅಭಿಪ್ರಾಯಪಟ್ಟರು. ಸಭೆಯಲ್ಲಿ ಮಾತನಾಡಲು ಸಂಕೋಚವಾಗಿ ತಮ್ಮ ಮಾತನ್ನು ಬರೆದೊಯ್ದರು. ಅದನ್ನು ಮತ್ತೊಬ್ಬರು ಓದಿದರು. ಆಲಿನ್ಸನ್ನರ ಪಕ್ಷ ಸೋತಿತು. ಸಂಘ ನಡೆಯುತ್ತಿದ್ದುದು ಬಹುಮಟ್ಟಿಗೆ ಹಿಲ್ಸನ ಹಣದಿಂದ ಎಂಬುದನ್ನೂ ಗಾಂಧೀಜಿ ಮರೆಯದೆ ಹೇಳಿದ್ದಾರೆ.

ಈ ಪ್ರಸಂಗವನ್ನು ಇಲ್ಲಿ ಎತ್ತಿದುದು ಕೇವಲ ಕುತೂಹಲಕ್ಕಲ್ಲ. ಹಿಲ್ಸನ ಸ್ವಭಾವದ ಎರಡು ಮುಖಗಳೂ ಇದರಲ್ಲಿ ಸ್ಪಷ್ಟವಾಗಿವೆ. ಕೈಬಿಚ್ಚಿ ಕೊಡುವ ಔದಾರ್ಯ ಒಂದು. ಕೊಟ್ಟದ್ದರ ಮೇಲೆ ತನ್ನ ನೀತಿಯೇ ನಡೆಯಬೇಕೆಂಬ ಹಟ ಮತ್ತೊಂದು. ಕಾಲ್ಚೆಂಡಿನ ಕೂಟದಲ್ಲೂ ಇವೆರಡೂ ಕೆಲಸಮಾಡಿದವು.

೪

೧೮೮೯ರಲ್ಲಿ ಲಂಡನ್ನಿನ ಹಡಗುಕಟ್ಟೆಯ ಕೂಲಿಕಾರರ ಮಹಾಮುಷ್ಕರ ನಡೆಯಿತು. ಅದರ ಬೆನ್ನಿಗೇ ಥೇಮ್ಸ್ ಐರನ್‌ವರ್ಕ್ಸಿನಲ್ಲಿಯೂ ಒಡೆಯನಿಗೂ ಕಾರ್ಮಿಕರಿಗೂ ನಡುವೆ ಕಲಹಗಳು ಸಂಭವಿಸಿದುವು. ಇದರಿಂದ ಹಿಲ್ಸ್ ಕಲಿತ ಪಾಠವೇನೆಂಬುದನ್ನು ಅವನು ಮುಂದೆ ಕೈಗೊಂಡ ಕ್ರಮಗಳೇ ತಿಳಿಸುತ್ತವೆ. ೧೮೯೨ರಲ್ಲಿ ಲಾಭದ ಒಂದು ಅಂಶವನ್ನು ಕೆಲಸಗಾರರಿಗೆ ಹಂಚುವ ಯೋಜನೆ ಬಂದಿತು. ೧೮೯೪ರಲ್ಲಿ ಎಂಟು ಗಂಟೆಗಳ ದುಡಿಮೆಯ ದಿನ ಜಾರಿಯಾಯಿತು. ೧೮೯೫ರ ಆರಂಭದಲ್ಲಿ ಕಾರ್ಖಾನೆಯದೇ ಆದ ಪತ್ರಿಕೆ ಹೊರಟಿತು. ಪಾನನಿರೋಧ ಸಂಘ, ಸೈಕಲ್ ಸವಾರಿಯ ಕೂಟ, ಕ್ರಿಕೆಟ್ ಕೂಟ, ವಾದ್ಯಮೇಳ, ಇವೆಲ್ಲ ಒಂದೊಂದಾಗಿ ಏರ್ಪಟ್ಟುವು. ಈ ಸಾಲಿಗೆ ಸೇರಿದುದು ಕಾಲ್ಚೆಂಡಿನ ಕೂಟ.

ಕೂಟದ ಹುಟ್ಟಿಗೆ ಒಡೆಯನೊಬ್ಬನೇ ಕಾರಣನಲ್ಲ. ಹಡಗು ಕಟ್ಟುವ ವಿಭಾಗದಲ್ಲಿ ಫೋರ್‌ಮನ್ ಆಗಿದ್ದ ಡೇವ್ ಟೇಲರ್ ಎಂಬಾತನು ಬಿಡುವಿನ ವೇಳೆಯಲ್ಲಿ ಪಂದ್ಯಗಳ ತೀರ್ಪುಗಾರನೂ ಆಗಿದ್ದನು. ತಂಡವನ್ನು ಕಟ್ಟುವ ಕೆಲಸವನ್ನು ಮೊದಲಿಗೆ ನಿರ್ವಹಿಸಿದವನು ಈತ. ಸಮೀಪದಲ್ಲಿ ಹಡಗಿನ ಕಂಪನಿಯೊಂದರ ಕೆಲಸಗಾರರಿಗಾಗಿ ಹುಟ್ಟಿದ್ದ ಕ್ಯಾಸಲ್ ಸ್ವಿಫ್ಟ್ಸ್ ಎಂಬ ತಂಡ ಅದೇ ೧೮೯೫ರಲ್ಲಿ ಮುಚ್ಚಿಹೋಗಿ, ಅದರ ಹರ್ಮಿಟ್ ರಸ್ತೆಯ ಬಯಲು ತೆರವಾಗಿದ್ದಿತು. ಜೂನ್ ತಿಂಗಳಲ್ಲಿ ಕಾರ್ಖಾನೆಯ ಪತ್ರಿಕೆಯಲ್ಲಿ ಪ್ರಕಟಣೆ ಬಂದಿತು. ವರ್ಷಕ್ಕೆ ಎರಡೂವರೆ ಷಿಲಿಂಗು ಚಂದಾ. ಸುಮಾರು ಐವತ್ತು ಮಂದಿ ಹೆಸರು ಕೊಟ್ಟರು. ರಿವೆಟ್ ಬಡಿಯುವವರು, ಗುಮಾಸ್ತರು, ಕೆಲಸ ಕಲಿಯುತ್ತಿದ್ದ ಹುಡುಗರು ಎಲ್ಲರೂ ಅವರಲ್ಲಿದ್ದರು. ಉಡುಪಿನ ಬಣ್ಣ ಮಾತ್ರ ಕಡುನೀಲಿ. ಅದು ಒಡೆಯನ ಆಕ್ಸ್‌ಫರ್ಡಿನ ಬಣ್ಣ.

ಸೆಪ್ಟೆಂಬರ್ ೭ರಂದು ರಾಯಲ್ ಆರ್ಡ್‌ನೆನ್ಸಿನ ಎರಡನೆಯ ತಂಡದೊಡನೆ ಮೊದಲ ಪಂದ್ಯ ನಡೆದು, ೧–೧ರಲ್ಲಿ ಸಮವಾಯಿತು. ಅಕ್ಟೋಬರಿನಲ್ಲಿ ಇಂಗ್ಲಿಷ್ ಬಟ್ಟಲಿನ ಪಂದ್ಯದಲ್ಲಿ ಚ್ಯಾಥಮ್ ತಂಡವು ಇವರನ್ನು ಐದು ಗೋಲುಗಳಿಂದ ಸೋಲಿಸಿತು. ಆದರೂ ಅದೇ ಋತುವಿನಲ್ಲಿ ವೆಸ್ಟ್ ಹ್ಯಾಮ್ ಧರ್ಮಾರ್ಥ ಬಟ್ಟಲು ಇವರ ಕೈಸೇರಿತು. ಕಾರ್ಖಾನೆಯ ಕೌಶಲವನ್ನು ಆಟಕ್ಕೆ ಬಳಸಿದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸಬಹುದು. ಕಂಬಗಳ ಮೇಲೆ ವಿದ್ಯುದ್ದೀಪಗಳನ್ನು ತೂಗಹಾಕಿ, ಚೆಂಡು ಕಣ್ಣಿಗೆ ಕಾಣಲೆಂದು ಅದನ್ನು ಸುಣ್ಣದ ನೀರಿನಲ್ಲಿ ಅದ್ದಿ, ರಾತ್ರಿಯ ವೇಳೆ ಪ್ರದರ್ಶನ ಪಂದ್ಯಗಳನ್ನು ಇವರು ಆ ಮೊದಲ ವರ್ಷದಲ್ಲಿಯೇ ನಡೆಸಿದರು. ಹಗಲೆಲ್ಲ ದುಡಿಯುವ ಜನಕ್ಕೆ ಇರುಳಿನ ಆಟ ಎಷ್ಟು ಸಹಜವಾದ ಬಯಕೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೫

ಮುಂದಿನ ಐದು ವರ್ಷಗಳ ಕಥೆ ಏಳಿಗೆಯ ಕಥೆ. ಅದರೊಡನೆ ಮೂಲೋದ್ದೇಶ ಸವೆದ ಕಥೆಯೂ ಹೌದು. ೧೮೯೬ರಲ್ಲಿ ಹರ್ಮಿಟ್ ರಸ್ತೆಯ ಬಯಲು ಕೈತಪ್ಪಿತು. ಆಗ ಹಿಲ್ಸ್ ಸ್ವಂತ ಹಣದಿಂದ ದೊಡ್ಡದೊಂದು ಕ್ರೀಡಾಂಗಣವನ್ನೇ ಕಟ್ಟಿಸಿದನು. ವಿಕ್ಟೋರಿಯಾ ರಾಣಿ ಪಟ್ಟವೇರಿದ ಅರವತ್ತನೆಯ ವರ್ಷದ ಉತ್ಸವದ ದಿನ, ೧೮೯೭ರ ಜೂನ್‌ನಲ್ಲಿ, ಸೈಕಲ್ ಓಟದ ಪಥವನ್ನೂ ಈಜುಕೊಳವನ್ನೂ ಒಳಗೊಂಡ ಈ ‘ಮೆಮೋರಿಯಲ್ ಗ್ರೌಂಡ್ಸ್’ ಪ್ರಾರಂಭವಾಯಿತು. ತಗುಲಿದ ವೆಚ್ಚ ೨೦,೦೦೦ ಪೌಂಡು. ೧೮೯೭–೯೮ರಲ್ಲಿ ತಂಡವು ಲಂಡನ್ ಲೀಗನ್ನು ಗೆದ್ದಿತು.

ಇಲ್ಲಿಗೆ ಒಂದು ಕವಲುದಾರಿ ಎದುರಾಯಿತು. ಇನ್ನೂ ಮೇಲಣ ಶ್ರೇಣಿಯಲ್ಲಿ ಆಡಬೇಕಾದರೆ ಸಂಬಳದ ಆಟಗಾರರನ್ನು ಕರೆತರಬೇಕು. ಅವರನ್ನು ಕರೆತಂದರೆ ಕಾರ್ಖಾನೆಯ ಕೆಲಸಗಾರನಿಗೆ ತಂಡದಲ್ಲಿ ಜಾಗವಿಲ್ಲ. ೧೮೯೮ರಲ್ಲಿ ಕೂಟವು ಸದರ್ನ್ ಲೀಗಿನ ಎರಡನೆಯ ವಿಭಾಗವನ್ನು ಸೇರಿ ವೃತ್ತಿಗಾರರ ತಂಡವಾಯಿತು. ಹಿಲ್ಸನಿಗೆ ಇದು ಒಪ್ಪಿಗೆಯಾದ ಮಾರ್ಗವಲ್ಲ. ಆದರೆ ಸಾವಿರಾರು ಜನ ಕೂಡುವ ಅಂಗಣವನ್ನು ಕಟ್ಟಿದವನು ಅದನ್ನು ತುಂಬುವ ಆಟವನ್ನು ಬೇಡವೆನ್ನುವುದು ಸುಲಭವಾಗಿರಲಿಲ್ಲ. ಮೊದಲ ವರ್ಷವೇ ಆ ವಿಭಾಗದಲ್ಲಿ ಜಯ ದೊರೆಯಿತು. ೧೮೯೯ರ ಹೊತ್ತಿಗೆ ಹೊರಗಿನಿಂದ ತಂದ ಪ್ರಸಿದ್ಧ ಆಟಗಾರರೇ ತಂಡದಲ್ಲಿ ಹೆಚ್ಚಾಗಿದ್ದರು.

ಇದೇ ಕಾಲದಲ್ಲಿ ಕಾರ್ಖಾನೆಯ ಪರಿಸ್ಥಿತಿಯೂ ಬದಲಾಗುತ್ತಿದ್ದಿತು. ೧೮೯೮ರ ಜೂನ್ ೨೧ರಂದು ‘ಆಲ್ಬಿಯನ್’ ಯುದ್ಧನೌಕೆಯನ್ನು ನೀರಿಗಿಳಿಸುವಾಗ ಎದ್ದ ಅಲೆಯು ಪ್ರೇಕ್ಷಕರು ನಿಂತಿದ್ದ ಅಟ್ಟಣೆಯನ್ನು ಕೆಡವಿ, ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ೧೮೯೯ರಲ್ಲಿ ಜಾನ್ ಪೆನ್ ಎಂಬ ಯಂತ್ರ ತಯಾರಿಕೆಯ ಸಂಸ್ಥೆಯನ್ನು ಕೊಂಡುಕೊಂಡುದರಿಂದ ಬಂಡವಾಳದ ಅಗತ್ಯ ಹೆಚ್ಚಿತು. ಕಾರ್ಖಾನೆಯ ಲೆಕ್ಕದಲ್ಲಿ ಆಟಗಾರರ ಸಂಬಳವನ್ನು ಹೊರುವುದು ಇನ್ನು ಸಾಧ್ಯವಿರಲಿಲ್ಲ. ೧೯೦೦ರ ಜೂನ್ ತಿಂಗಳಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಕಾಲ್ಚೆಂಡು ಕೂಟವನ್ನು ವಿಸರ್ಜಿಸಲಾಯಿತು. ಜುಲೈ ೫ರಂದು ಊರಿನ ಹೆಸರನ್ನು ಹೊತ್ತ ವೆಸ್ಟ್ ಹ್ಯಾಮ್ ಯುನೈಟೆಡ್ ಎಂಬ ಷೇರು ಕಂಪನಿ ಅದರ ಸ್ಥಾನದಲ್ಲಿ ಹುಟ್ಟಿತು.

ಈ ಘಟನೆಯನ್ನು ಹವ್ಯಾಸದ ಆದರ್ಶಕ್ಕೆ ಒದಗಿದ ಸೋಲೆಂದು ಕೆಲವರು ಭಾವಿಸಬಹುದು. ಹಿಲ್ಸನ ದೃಷ್ಟಿಯಲ್ಲಿ ಅದು ಬಹುಮಟ್ಟಿಗೆ ನಿಜವೂ ಅಹುದು. ಆದರೆ ಪರಿಣಾಮವನ್ನು ನೋಡಿದರೆ ಬೇರೊಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಕಲ್ಲಿದ್ದಲು ಮತ್ತು ಕಬ್ಬಿಣದ ಗಣಿಗಳಿಗೆ ಸಮೀಪವಾಗಿದ್ದ ಕ್ಲೈಡ್, ಟೈನ್ ನದಿಗಳ ದಂಡೆಯ ಹಡಗುಕಟ್ಟೆಗಳೊಡನೆ ಸ್ಪರ್ಧಿಸಲಾರದೆ ಲಂಡನ್ನಿನ ಹಡಗು ಉದ್ಯಮವು ಕ್ಷೀಣಿಸಿತು. ೧೯೧೧ರಲ್ಲಿ ‘ಥಂಡರರ್’ ಎಂಬ ನೌಕೆಯನ್ನು ನೀರಿಗಿಳಿಸಿದ ಮೇಲೆ ಇನ್ನೊಂದು ದೊಡ್ಡ ನೌಕೆ ಅಲ್ಲಿ ಹುಟ್ಟಲಿಲ್ಲ. ೧೯೧೨ರಲ್ಲಿ ಕಾರ್ಖಾನೆ ಮುಚ್ಚಿತು. ತಂಡವು ಆಗಲೂ ಕಾರ್ಖಾನೆಯ ಸೊತ್ತೇ ಆಗಿದ್ದಿದ್ದರೆ ಅದರೊಡನೆಯೇ ಮುಗಿದುಹೋಗುತ್ತಿದ್ದಿತು. ಹನ್ನೆರಡು ವರ್ಷ ಮೊದಲೇ ಊರಿನ ಹೆಸರಿಗೆ ಮಾರ್ಪಟ್ಟುದರಿಂದ ಅದು ಉಳಿಯಿತು. ಇಂದಿಗೂ ಅದರ ಲಾಂಛನದಲ್ಲಿ ರಿವೆಟ್ ಬಡಿಯುವ ಎರಡು ಸುತ್ತಿಗೆಗಳಿವೆ. ಅಭಿಮಾನಿಗಳು ‘ಐರನ್ಸ್’ ಎಂದೇ ಅದನ್ನು ಕರೆಯುತ್ತಾರೆ. ಹೀಗೆ ಮುಚ್ಚಿಹೋದ ಕಾರ್ಖಾನೆಯ ಜ್ಞಾಪಕವು ಅದರ ಕೆಲಸಗಾರರ ಆಟದಲ್ಲಿ ಮಾತ್ರ ಜೀವಂತವಾಗಿದೆ.

೬

೧೯೨೩ರ ಏಪ್ರಿಲ್ ೨೮ರಂದು ಲಂಡನ್ನಿನ ವೆಂಬ್ಲಿ ಅಂಗಣದಲ್ಲಿ ನಡೆದ ಮೊತ್ತಮೊದಲ ಅಂತಿಮ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ತಂಡವು ಬೋಲ್ಟನ್ನಿನೆದುರು ಎರಡು ಗೋಲುಗಳಿಂದ ಸೋತಿತು. ಅದಕ್ಕೆ ಮೂರು ತಿಂಗಳ ಹಿಂದೆ ಭದ್ರಾವತಿಯ ಕುಲುಮೆ ಕೆಲಸ ಪ್ರಾರಂಭಿಸಿದ್ದಿತು. ಈ ಎರಡು ಘಟನೆಗಳಿಗೆ ಯಾವ ಸಂಬಂಧವೂ ಇಲ್ಲ. ಆದರೆ ಎರಡು ಕಾರ್ಖಾನೆಗಳನ್ನು ಹೋಲಿಸಿ ನೋಡುವುದಕ್ಕೆ ಈ ವರ್ಷ ಒಂದು ಅನುಕೂಲವಾದ ಮೆಟ್ಟಿಲು.

ಲಂಡನ್ನಿನ ಕಾರ್ಖಾನೆ ಖಾಸಗಿ ಒಡೆಯನದು. ಭದ್ರಾವತಿಯದು ಮೈಸೂರು ಸಂಸ್ಥಾನದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇದರ ಯೋಜನೆಗೆ ರೂಪು ಕೊಟ್ಟರು. ೧೯೨೩ರಿಂದ ೧೯೨೯ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ, ಹೆಚ್ಚು ಸಂಬಳದ ವಿದೇಶೀ ತಜ್ಞರ ಸ್ಥಾನದಲ್ಲಿ ನಮ್ಮವರನ್ನೇ ತರಬೇತುಗೊಳಿಸಿ ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯ ಅದಿರು ಹತ್ತಿರದಲ್ಲಿತ್ತು, ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡಿನ ಮರವನ್ನು ಇದ್ದಿಲಾಗಿಸಿ ಊದು ಕುಲುಮೆಯನ್ನು ನಡೆಸಬೇಕಾಯಿತು. ಕಲ್ಲಿದ್ದಲಿನಿಂದ ದೂರವಿರುವ ಕಬ್ಬಿಣದ ಕೈಗಾರಿಕೆಯ ಸಂಕಟವು ಥೇಮ್ಸ್ ದಂಡೆಗೂ ಭದ್ರೆಯ ದಂಡೆಗೂ ಸಮಾನವಾದುದು. ೧೯೩೬ರಲ್ಲಿ ಉಕ್ಕಿನ ತಯಾರಿಕೆ ಸೇರಿತು. ೧೯೬೨ರಲ್ಲಿ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ತಾಳಿತು. ೧೯೯೮ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. ೨೦೨೩ರಲ್ಲಿ ನೂರು ವರ್ಷ ತುಂಬಿದ ತಿಂಗಳಿನಲ್ಲಿಯೇ ಅದನ್ನು ಮುಚ್ಚುವ ನಿರ್ಣಯ ಹೊರಬಿದ್ದು, ಕಾರ್ಮಿಕರೂ ಊರಿನವರೂ ಅದರ ಉಳಿವಿಗಾಗಿ ಹೋರಾಡಬೇಕಾಯಿತು. ಅದೇ ಊರಿನ ಮೈಸೂರು ಕಾಗದದ ಕಾರ್ಖಾನೆಯಲ್ಲಿ ತಯಾರಿಕೆ ಅದಕ್ಕೂ ಮೊದಲೇ ನಿಂತುಹೋಗಿತ್ತು.

ಊರಿನ ಕ್ರೀಡಾಕೀರ್ತಿ ಮಾತ್ರ ಕುಲುಮೆಗಳ ಏಳುಬೀಳುಗಳನ್ನು ಅವಲಂಬಿಸಿಲ್ಲ. ೧೯೪೯ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ ಕ್ರಿಕೆಟ್ಟಿನಲ್ಲಿ ಪಡೆದ ಹೆಸರು ಊರಿನ ಹೆಸರಿನೊಡನೆ ಕೂಡಿಕೊಂಡು ನಿಂತಿದೆ.

೭

ಮೈಸೂರು ಸೀಮೆಯಲ್ಲಿ ಕಾಲ್ಚೆಂಡಾಟವು ಬೆಳೆದ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ಹೇಳಬೇಕು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರಿಂದ ಹಬ್ಬಿದ ಆಟ ಬೇಗನೆ ನಮ್ಮವರದಾಯಿತು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಬಟ್ಟಲನ್ನು ಗೆದ್ದು, ಅದನ್ನು ಪಡೆದ ಮೊದಲ ಭಾರತೀಯ ತಂಡವೆನಿಸಿತು, ಮರುವರ್ಷವೂ ಗೆದ್ದಿತು. ೧೯೪೬–೪೭ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಪಡೆಯಿತು. ೧೯೫೨–೫೩, ೧೯೬೭–೬೮, ೧೯೬೮–೬೯ರಲ್ಲಿಯೂ ಅದೇ ಕೀರ್ತಿ ದೊರೆಯಿತು. ಆ ಬಳಿಕ ರಾಜ್ಯಕ್ಕೆ ಆ ಬಟ್ಟಲು ಮತ್ತೆ ಬಂದುದು ೨೦೨೩ರಲ್ಲಿ.

೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನೊಡನೆ ಆಡಿ ೨–೧ರಲ್ಲಿ ಸೋತಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಭಾರತದ ಏಕಮಾತ್ರ ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಪಂದ್ಯ ನಡೆದುದು ಪೂರ್ವ ಲಂಡನ್ನಿನ ಇಲ್‌ಫರ್ಡಿನಲ್ಲಿ. ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ ಒಂದು ಕಾಲಕ್ಕೆ ಥೇಮ್ಸ್ ಐರನ್‌ವರ್ಕ್ಸಿನ ಸುತ್ತಿಗೆಗಳು ಸದ್ದುಮಾಡುತ್ತಿದ್ದುವು.

ಸ್ವಾತಂತ್ರ್ಯಾನಂತರ ಬೆಂಗಳೂರಿನ ಆಟಕ್ಕೆ ಆಧಾರವಾದುವು ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆ ಮೊದಲಾದ ಸಾರ್ವಜನಿಕ ಉದ್ಯಮಗಳು. ಇಲ್ಲಿಯ ಪದ್ಧತಿಗೂ ಇಂಗ್ಲೆಂಡಿನದಕ್ಕೂ ಒಂದು ಮುಖ್ಯವಾದ ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಕೆಲಸಗಾರನು ಆಟಗಾರನಾದನು. ಇಲ್ಲಿ ಆಟಗಾರನು ಕೆಲಸಗಾರನಾದನು. ಚೆನ್ನಾಗಿ ಆಡುವ ಬಡ ಹುಡುಗನಿಗೆ ಕಾರ್ಖಾನೆಯಲ್ಲಿ ಹುದ್ದೆ ಸಿಕ್ಕಿತು. ಲೆಕ್ಕದಲ್ಲಿ ಅವನು ನೌಕರ, ಬಯಲಿನಲ್ಲಿ ಹವ್ಯಾಸಿ. ಆಟದ ವಯಸ್ಸು ಮುಗಿದ ಮೇಲೂ ಸಂಬಳ ನಿಲ್ಲಲಿಲ್ಲ. ವಸತಿಯಿತ್ತು, ನಿವೃತ್ತಿಯ ಭದ್ರತೆಯಿತ್ತು. ಶುದ್ಧ ಹವ್ಯಾಸವೆಂಬ ಸಿರಿವಂತರ ಆದರ್ಶಕ್ಕಿಂತಲೂ, ಋತುವಿನ ಕೊನೆಗೆ ಕೈಬಿಡುವ ವೃತ್ತಿಯ ಆಟಕ್ಕಿಂತಲೂ, ಈ ಮಧ್ಯಮ ಮಾರ್ಗ ಬಡ ಆಟಗಾರನಿಗೆ ಹೆಚ್ಚು ಹಿತಕರವಾಗಿದ್ದಿತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಈ ಮಾರ್ಗದ ದೌರ್ಬಲ್ಯವೂ ಸ್ಪಷ್ಟವಾಗಿದೆ. ತಂಡವು ಉದ್ಯಮದ ಆಯವ್ಯಯ ಪಟ್ಟಿಯ ಒಂದು ಬಾಬು ಮಾತ್ರ; ಯಾವ ವರ್ಷವಾದರೂ ಅದನ್ನು ಹೊಡೆದುಹಾಕಬಹುದು. ಮುಂಬಯಿಯ ಮಹೀಂದ್ರ ತಂಡ ೨೦೧೦ರಲ್ಲಿ ಮುಚ್ಚಿತು, ಫಗ್ವಾಡದ ಜೆ.ಸಿ.ಟಿ. ಗಿರಣಿಯ ತಂಡ ೨೦೧೧ರಲ್ಲಿ ಮುಚ್ಚಿತು. ನಮ್ಮ ವಿಮಾನ ಕಾರ್ಖಾನೆಯ ತಂಡ ೨೦೧೨ರಲ್ಲಿ ದೇಶದ ಮೊದಲ ಶ್ರೇಣಿಯಿಂದ ಕೆಳಗಿಳಿಯಿತು. ವೆಸ್ಟ್ ಹ್ಯಾಮಿನಲ್ಲಿ ೧೯೦೦ರಲ್ಲಿ ಆದುದು ಇಲ್ಲಿ ಆಗಲಿಲ್ಲ. ಒಡೆಯನು ಕೈಬಿಡುವಾಗ ಹಿಡಿದುಕೊಳ್ಳುವುದಕ್ಕೆ ಊರಿನ ಕೈ ಸಿದ್ಧವಾಗಿರಲಿಲ್ಲ.

೮

ಮೇಲಣ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಕಾರ್ಖಾನೆಯ ತಂಡಕ್ಕೆ ಮೂರು ಮಂದಿ ಹಕ್ಕುದಾರರು: ಕೊಟ್ಟವನು, ಆಡಿದವನು, ನೋಡಿದವನು. ಕೊಟ್ಟವನ ಹಕ್ಕು ಮೊದಲಿಗೆ ಪ್ರಬಲವಾಗಿರುತ್ತದೆ. ಅವನಿಲ್ಲದೆ ಬಯಲೂ ಇಲ್ಲ, ಚೆಂಡೂ ಇಲ್ಲ. ಆಡಿದವನ ಹಕ್ಕು ಅವನ ಯೌವನವಿರುವವರೆಗೆ ಮಾತ್ರ. ಎಲ್ಲರಿಗಿಂತ ದೀರ್ಘಕಾಲ ಬಾಳುವುದು ನೋಡಿದವನ ಹಕ್ಕು. ಅದು ತಂದೆಯಿಂದ ಮಗನಿಗೆ ಇಳಿಯುತ್ತದೆ. ಹಿಲ್ಸ್ ತನ್ನ ನೀತಿಯನ್ನು ಉಳಿಸಲೆಂದು ಕೂಟವನ್ನು ಕಟ್ಟಿದನು, ನೀತಿ ಉಳಿಯಲಿಲ್ಲ. ತನಗೆ ಬೇಡವಾದ ರೂಪದಲ್ಲಿ ಅದನ್ನು ಊರಿಗೆ ಬಿಟ್ಟುಕೊಟ್ಟುದರಿಂದ ಕೂಟ ಉಳಿಯಿತು. ಧರ್ಮದರ್ಶಿತ್ವವೆಂದು ಗಾಂಧೀಜಿ ಮುಂದೆ ಪ್ರತಿಪಾದಿಸಿದ ತತ್ತ್ವದ ಸಾರವೂ ಇದೇ ಅಲ್ಲವೆ? ಸಂಪತ್ತುಳ್ಳವನು ಅದರ ಕಾವಲುಗಾರನೇ ಹೊರತು ಒಡೆಯನಲ್ಲ. ತಮ್ಮ ಎಳವೆಯಲ್ಲಿ ಹಿಲ್ಸನ ಮಾತಿಗೆ ಅಂಜಿಕೆಯಿಂದಲೇ ಎದುರುನಿಂತವರು ಹೇಳಿದ ಈ ಮಾತಿಗೆ ಹಿಲ್ಸನ ಕೂಟವೇ ಒಂದು ನಿದರ್ಶನವಾದುದು ವಿಚಿತ್ರವಾದರೂ ಸತ್ಯ.

ಭದ್ರಾವತಿಗೆ ಇದರಿಂದ ದೊರೆಯುವ ಪಾಠ ಅಲ್ಪವಾದುದಲ್ಲ. ಉಕ್ಕಿನ ಬೆಲೆಯನ್ನು ಊರಿನವರು ನಿಶ್ಚಯಿಸಲಾರರು. ಕುಲುಮೆ ಉರಿಯುವುದೋ ಆರುವುದೋ ದೂರದ ಕಚೇರಿಗಳಲ್ಲಿ ತೀರ್ಮಾನವಾಗುತ್ತದೆ. ಆದರೆ ಆಟದ ಬಯಲನ್ನೂ, ಅಲ್ಲಿ ಆಡಿದವರ ನೆನಪನ್ನೂ, ಪಂದ್ಯಗಳ ದಾಖಲೆಗಳನ್ನೂ, ಗೋಡೆಗೆ ತೂಗಿದ ಹಳೆಯ ಛಾಯಾಚಿತ್ರಗಳನ್ನೂ ಊರು ತನ್ನದೆಂದು ಕಾಯ್ದುಕೊಳ್ಳಬಲ್ಲುದು. ಕಾರ್ಖಾನೆಯ ಚರಿತ್ರೆಯನ್ನು ಬರೆಯುವವರು ಟನ್ನುಗಳ ಲೆಕ್ಕದ ಜೊತೆಗೆ ಇದನ್ನೂ ಸಂಗ್ರಹಿಸತಕ್ಕದ್ದು. ಅಂದು ಆಡಿದವರಲ್ಲಿ ಇನ್ನೂ ನಮ್ಮೊಡನಿರುವವರು ವಯೋವೃದ್ಧರು. ಈ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಲ್ಲ.